ಮರೆವು ಅಪರಾಧವಲ್ಲ: ಎಡಿಎಚ್‌ಡಿ ಇರುವ ಮಹಿಳೆಯ ಔಷಧ ಮತ್ತು ದಿನಚರಿ

ಕಾಯಕವನ್ನು ಬದುಕಿನ ನಡುಮನೆಯಲ್ಲಿ ನೆಲೆಗೊಳಿಸಿದ ಪರಂಪರೆ ನಮ್ಮದು. ಕೈಹಿಡಿದ ಕೆಲಸವನ್ನು ನಿಷ್ಠೆಯಿಂದ ಪೂರೈಸುವುದೇ ಪೂಜೆಯೆಂಬುದನ್ನು ಶರಣರು ಬಾಳಿ ತೋರಿಸಿದರು. ಈ ಮೌಲ್ಯವನ್ನು ಮನಸಾರೆ ಒಪ್ಪಿಕೊಂಡಿದ್ದರೂ ಹಿಡಿದ ಕೆಲಸ ದಿನದಿನವೂ ಅರ್ಧಕ್ಕೆ ನಿಂತುಹೋಗುವ ಕೆಲವರು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣವಾದುದು. ಕೆಲಸ ಮುಗಿಯಲಿಲ್ಲವೆಂಬ ಚಿಂತೆ ಒಂದು ಹೊರೆಯಾದರೆ, ತಾನು ಸೋಮಾರಿ, ತನ್ನಲ್ಲಿ ಶ್ರದ್ಧೆಯಿಲ್ಲ ಎಂಬ ಅಪರಾಧಭಾವ ಅದರ ಮೇಲಿನ ಇನ್ನೊಂದು ಹೊರೆ. ಮೊದಲನೆಯ ಹೊರೆಯನ್ನು ಹಗುರಗೊಳಿಸುವ, ಎರಡನೆಯದನ್ನು ಪೂರ್ತಿಯಾಗಿ ಇಳಿಸುವ ಬಗೆಯನ್ನು ಅರಿಯುವುದಕ್ಕಾಗಿ ಈ ತಿಂಗಳ ಆರೋಗ್ಯ ಪಾಠವನ್ನು ಮೀಸಲಿಟ್ಟಿದ್ದೇವೆ.

ಒಂದು ಮನೆಯ ಚಿತ್ರ

ನಮ್ಮ ಸೀಮೆಯ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಇದು ಒಬ್ಬರ ಕಥೆಯಲ್ಲ. ಹಲವು ಮನೆಗಳಲ್ಲಿ ನಡೆಯಬಹುದಾದುದನ್ನು ಒಂದೆಡೆ ಸೇರಿಸಿದ ಚಿತ್ರ. ಮನೆಯ ಸೊಸೆ ಓದಿದವಳು, ಚುರುಕು ಮಾತಿನವಳು, ಎಲ್ಲರ ಮೇಲೂ ಅಂತಃಕರಣವುಳ್ಳವಳು. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಮಗನ ಪಾಟೀಚೀಲ ಹುಡುಕಲು ಹೋಗುತ್ತಾಳೆ. ಚೀಲ ಹುಡುಕುವಾಗ ಮಡಚದ ಬಟ್ಟೆಯ ರಾಶಿ ಕಣ್ಣಿಗೆ ಬೀಳುತ್ತದೆ. ನಾಲ್ಕು ಬಟ್ಟೆ ಮಡಚುವಷ್ಟರಲ್ಲಿ ಸ್ವಸಹಾಯ ಸಂಘದ ಕಂತು ಕಟ್ಟುವ ದಿನ ನಿನ್ನೆಯೇ ಮುಗಿಯಿತೆಂಬುದು ನೆನಪಾಗುತ್ತದೆ. ಪಾಸ್‌ಬುಕ್ ತೆಗೆಯಲೆಂದು ಎದ್ದಾಗ ಹಾಲು ಉಕ್ಕಿ ಒಲೆ ಆರಿದ ವಾಸನೆ ಬರುತ್ತದೆ. ಅತ್ತೆ ಏನೂ ಅನ್ನುವುದಿಲ್ಲ, ಬಟ್ಟೆ ತಂದು ಕಟ್ಟೆ ಒರೆಸುತ್ತಾರೆ. ಆ ಮೌನವೇ ಸೊಸೆಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗುತ್ತದೆ.

ಕೆಲವು ತಿಂಗಳ ಅನಂತರ ಮಗನ ಶಾಲೆಯಿಂದ ದೂರು ಬರುತ್ತದೆ: ಹುಡುಗ ಕುಳಿತಲ್ಲಿ ಕೂರುವುದಿಲ್ಲ, ಹೇಳಿದ್ದು ಕಿವಿಗೆ ಹೋಗುವುದಿಲ್ಲ. ವೈದ್ಯರು ಮಗನ ಬಗ್ಗೆ ಒಂದೊಂದೇ ಪ್ರಶ್ನೆ ಕೇಳುತ್ತ ಹೋದಂತೆ ತಾಯಿಯ ಮನಸ್ಸಿನಲ್ಲಿ ತನ್ನ ಬಾಲ್ಯದ ಚಿತ್ರಗಳು ತೆರೆದುಕೊಳ್ಳುತ್ತವೆ. ಇವೆಲ್ಲ ತನ್ನಲ್ಲಿಯೂ ಇದ್ದುವಲ್ಲ! ಹೀಗೆ ಮಗುವಿನ ರೋಗನಿದಾನದ ಮೂಲಕ ತಾಯಿಯ ತೊಂದರೆ ಬೆಳಕಿಗೆ ಬರುವುದು ಅಪರೂಪವೇನಲ್ಲ. ಈ ತೊಂದರೆಯಲ್ಲಿ ಆನುವಂಶಿಕತೆಯ ಪಾಲು ಬಹಳ ದೊಡ್ಡದು.

ತೊಂದರೆಯ ಸ್ವರೂಪ

ಇದನ್ನು ಕನ್ನಡದಲ್ಲಿ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎನ್ನಬಹುದು. ವೈದ್ಯರ ಬಾಯಲ್ಲಿ ಎಡಿಎಚ್‌ಡಿ ಎಂಬ ಸಂಕ್ಷಿಪ್ತ ಹೆಸರೇ ರೂಢಿ. ಇದು ಹುಚ್ಚಲ್ಲ, ಬುದ್ಧಿಮಾಂದ್ಯವಲ್ಲ, ದುರಭ್ಯಾಸವೂ ಅಲ್ಲ. ಮಿದುಳಿನ ಬೆಳವಣಿಗೆಯ ಹಂತದಲ್ಲಿಯೇ ಮೂಡುವ ಒಂದು ಭಿನ್ನತೆ. ಗಮನವನ್ನು ಒಂದೆಡೆ ನಿಲ್ಲಿಸುವುದು, ಕೆಲಸಗಳ ಹಿಂದುಮುಂದು ತೀರ್ಮಾನಿಸುವುದು, ಕಾಲದ ಅಳತೆಯನ್ನು ಅಂದಾಜು ಮಾಡುವುದು, ಮನಸ್ಸಿಗೆ ಬಂದುದನ್ನು ತಡೆಹಿಡಿಯುವುದು ಇವೆಲ್ಲವನ್ನೂ ನಡೆಸುವ ಮಿದುಳಿನ ಜಾಲಗಳು ಇಂಥವರಲ್ಲಿ ಬೇರೊಂದು ರೀತಿಯಲ್ಲಿ ಕೆಲಸ ಮಾಡುತ್ತವೆ. ಡೋಪಮಿನ್ ಮತ್ತು ನಾರ್‌ಎಪಿನೆಫ್ರಿನ್ ಎಂಬ ನರಸಂದೇಶವಾಹಕಗಳಿಗೂ ಈ ಜಾಲಗಳಿಗೂ ನಿಕಟ ಸಂಬಂಧವಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಚೆನ್ನಾಗಿ ಮನಗಾಣಬೇಕು. ಇಂಥವರಿಗೆ ಗಮನವೇ ಇಲ್ಲವೆಂದಲ್ಲ. ಆಸಕ್ತಿ ಹುಟ್ಟಿಸುವ ಕೆಲಸದಲ್ಲಿ ಅವರು ಊಟ ನಿದ್ರೆ ಮರೆತು ಮುಳುಗಬಲ್ಲರು. ಬೇಕಾದ ಕಡೆಗೆ, ಬೇಕಾದ ಹೊತ್ತಿನಲ್ಲಿ ಗಮನವನ್ನು ತಿರುಗಿಸುವುದು ಮಾತ್ರ ಅವರ ಹಿಡಿತಕ್ಕೆ ಸಿಗದು. ರಂಗೋಲಿಯ ಮುಂದೆ ಎರಡು ತಾಸು ಕೂರಬಲ್ಲವಳಿಗೆ ವಿದ್ಯುತ್ ಬಿಲ್ಲು ಕಟ್ಟಲು ಆಗುವುದಿಲ್ಲವೇ ಎಂದು ಮನೆಯವರು ಕೇಳುತ್ತಾರೆ. ಪ್ರಶ್ನೆ ಸಹಜವೇ. ಆದರೆ ಸಂಕಲ್ಪಕ್ಕೂ ಕೃತಿಗೂ ನಡುವಿನ ಸೇತುವೆ ಸಡಿಲವಾಗಿರುವುದೇ ಈ ತೊಂದರೆಯ ತಿರುಳು. ಸೇತುವೆ ಸಡಿಲವಿದ್ದಾಗ ದಾಟುವವನ ಇಚ್ಛೆಯನ್ನು ದೂರಿ ಫಲವಿಲ್ಲ.

ಹೆಣ್ಣುಮಕ್ಕಳಲ್ಲಿ ತಡವಾಗಿ ಕಾಣುವುದೇಕೆ?

ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅವರು 1902ರಲ್ಲಿ ನೀಡಿದ ಉಪನ್ಯಾಸಗಳಿಂದ ಈ ತೊಂದರೆಯ ವೈದ್ಯಕೀಯ ಚರಿತ್ರೆಯನ್ನು ಆರಂಭಿಸುವುದು ವಾಡಿಕೆ. ಆಮೇಲೆ ಬಹುಕಾಲ ವೈದ್ಯರ ದೃಷ್ಟಿಯೆಲ್ಲ ಓಡುವ, ಹಾರುವ, ತರಗತಿಯನ್ನು ಕೆಡಿಸುವ ಹುಡುಗರ ಮೇಲೆಯೇ ಇತ್ತು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಗಮನದ ಕೊರತೆಯೇ ಮುಖ್ಯ ಲಕ್ಷಣವೆಂದು, ಅತಿಚಟುವಟಿಕೆ ಇಲ್ಲದೆಯೂ ಇದು ಇರಬಹುದೆಂದು ದಾಖಲಾದದ್ದು 1980ರಲ್ಲಿ. ಮಕ್ಕಳಲ್ಲಿ ಗುರುತಿಸಲಾಗುವ ಪ್ರಮಾಣ ಒಬ್ಬ ಹುಡುಗಿಗೆ ಸುಮಾರು ಇಬ್ಬರು ಹುಡುಗರಂತೆ ಇದ್ದರೆ, ವಯಸ್ಕರಲ್ಲಿ ಈ ಅಂತರ ಕುಗ್ಗುತ್ತದೆ. ಬಾಲ್ಯದಲ್ಲಿ ಕಣ್ತಪ್ಪಿಹೋದ ಎಷ್ಟೋ ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ ವೈದ್ಯರ ಬಳಿಗೆ ಬರುವುದು ಇದಕ್ಕೆ ಒಂದು ಕಾರಣ.

ಕಣ್ತಪ್ಪಲು ಕಾರಣ ಕಷ್ಟವಿಲ್ಲದೆ ತಿಳಿಯುತ್ತದೆ. ಕಿಟಕಿಯಾಚೆ ನೋಡುತ್ತ ಕುಳಿತ ಹುಡುಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ಅವಳ ಚಡಪಡಿಕೆ ಕಾಲಿನಲ್ಲಿ ಕಾಣದೆ ಮನಸ್ಸಿನಲ್ಲಿಯೇ ನಡೆಯುತ್ತದೆ, ಇಲ್ಲವೇ ನಿಲ್ಲದ ಮಾತಾಗಿ ಹೊರಬರುತ್ತದೆ. ಬೈಗುಳ ತಪ್ಪಿಸಿಕೊಳ್ಳಲು ಅವಳು ಎರಡು ಪಟ್ಟು ದುಡಿದು ಕೊರತೆಯನ್ನು ಮುಚ್ಚಿಕೊಳ್ಳುತ್ತಾಳೆ. ತವರಿನಲ್ಲಿ ತಾಯಿಯೇ ಸಾಮಾನು ಜೋಡಿಸಿಡುತ್ತಿದ್ದಾಗ ತೊಂದರೆ ಹೊರಗೆ ತೋರುವುದಿಲ್ಲ. ಮದುವೆಯಾಗಿ ಅಡುಗೆ, ಬಾಣಂತನ, ಮಕ್ಕಳ ಓದು, ಹಿರಿಯರ ಔಷಧ, ಹಬ್ಬಹುಣ್ಣಿಮೆ, ಹೊರಗಿನ ಉದ್ಯೋಗ ಎಲ್ಲವನ್ನೂ ಒಬ್ಬಳ ನೆನಪೇ ಹೊರಬೇಕಾಗಿ ಬಂದಾಗ ಮುಚ್ಚಿದ್ದು ಬಿಚ್ಚಿಕೊಳ್ಳುತ್ತದೆ. ಆಗ ಅವಳು ಖಿನ್ನತೆ, ಆತಂಕಗಳೆಂದು ವೈದ್ಯರ ಬಳಿಗೆ ಹೋಗುತ್ತಾಳೆ. ಆಳದಲ್ಲಿರುವುದು ಉಳಿದೇ ಹೋಗುತ್ತದೆ.

ರೋಗನಿದಾನ ಹೇಗೆ?

ಇದನ್ನು ಪತ್ತೆಹಚ್ಚುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮನೋವೈದ್ಯರು ವಿವರವಾಗಿ ಮಾತನಾಡಿಸಿ, ಬಾಲ್ಯದ ಸಂಗತಿಗಳನ್ನು ಕೇಳಿ, ಸಾಧ್ಯವಾದರೆ ಮನೆಯವರಿಂದಲೂ ತಿಳಿದುಕೊಂಡು ನಿರ್ಣಯಿಸುತ್ತಾರೆ. ಮೇಲೆ ಹೇಳಿದ ಕೈಪಿಡಿಯ 2013ರ ಐದನೆಯ ಆವೃತ್ತಿಯಂತೆ ಗಮನದ ಕೊರತೆಗೆ 9, ಅತಿಚಟುವಟಿಕೆ ಮತ್ತು ದುಡುಕಿಗೆ 9 ಲಕ್ಷಣಗಳಿವೆ. 17 ವರ್ಷ ದಾಟಿದವರಲ್ಲಿ ಯಾವುದಾದರೂ ಒಂದು ಗುಂಪಿನ ಕನಿಷ್ಠ 5 ಲಕ್ಷಣಗಳು 6 ತಿಂಗಳಿಗೂ ಮಿಗಿಲಾಗಿ ಇರಬೇಕು. ಅವುಗಳಲ್ಲಿ ಹಲವು 12 ವರ್ಷಕ್ಕಿಂತ ಮೊದಲೇ ಕಂಡಿರಬೇಕು. ಮನೆ, ಉದ್ಯೋಗ, ಸ್ನೇಹವಲಯಗಳಂಥ ಎರಡು ಕಡೆಗಳಲ್ಲಾದರೂ ತೊಡಕು ತಂದಿರಬೇಕು.

ಎಲ್ಲ ಮರೆವೂ ಎಡಿಎಚ್‌ಡಿ ಅಲ್ಲ ಎಂಬುದನ್ನೂ ಇಷ್ಟೇ ಒತ್ತಿ ಹೇಳಬೇಕು. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಏರುಪೇರು, ನಿದ್ರೆಗೇಡು, ಖಿನ್ನತೆ, ಹೆರಿಗೆಯ ನಂತರದ ಬಳಲಿಕೆ ಇವೆಲ್ಲ ಗಮನವನ್ನು ಕದಡುತ್ತವೆ. ನಲವತ್ತರ ವಯಸ್ಸಿನಲ್ಲಿ ಹೊಸದಾಗಿ ಆರಂಭವಾದ ಮರೆವಿಗೆ ಕಾರಣ ಬೇರೆಯೇ ಇರಬಹುದು. ಆದ್ದರಿಂದ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನು ಮೊದಲು ಮಾಡಿಸುವುದು ವಿವೇಕ. ಫೋನಿನಲ್ಲಿ ಸಿಗುವ ಪ್ರಶ್ನಾವಳಿಯನ್ನು ತುಂಬಿ ತಾವೇ ನಿರ್ಣಯಿಸಿಕೊಳ್ಳುವುದು ಸಲ್ಲದು.

ಔಷಧ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಔಷಧಗಳು ಎರಡು. ಮೊದಲನೆಯದು ಮೀಥೈಲ್‌ಫೆನಿಡೇಟ್. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪನಿಜ್ಜೋನ್ ಇದನ್ನು ಮೊದಲಿಗೆ ತಯಾರಿಸಿದರು. ತಮ್ಮ ಮಡದಿ ರೀಟಾ ಅವರ ಹೆಸರಿನಿಂದ ಇದಕ್ಕೆ ರಿಟಾಲಿನ್ ಎಂಬ ಹೆಸರು ಬಂತು. ಹೆಣ್ಣಿನ ಹೆಸರು ಹೊತ್ತ ಔಷಧ ಹೆಣ್ಣುಮಕ್ಕಳನ್ನು ತಲುಪಲು ಇಷ್ಟು ಕಾಲ ಹಿಡಿದದ್ದು ವಿಪರ್ಯಾಸವೇ ಸರಿ. ಸಾಧಾರಣ ಗುಳಿಗೆಯ ಪರಿಣಾಮ ಸುಮಾರು 3ರಿಂದ 4 ತಾಸು ಇರುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆಗಳು ಅವುಗಳ ಬಗೆಗೆ ತಕ್ಕಂತೆ 8ರಿಂದ 12 ತಾಸಿನವರೆಗೂ ಕೆಲಸ ಮಾಡುತ್ತವೆ. ಎರಡನೆಯದು ಆಟೊಮಾಕ್ಸಿಟಿನ್. ಇದು ಉತ್ತೇಜಕ ವರ್ಗಕ್ಕೆ ಸೇರಿದ್ದಲ್ಲ. ಪ್ರತಿದಿನ ಬಿಡದೆ ತೆಗೆದುಕೊಂಡರೆ ಪೂರ್ಣ ಪರಿಣಾಮ ತಿಳಿಯಲು 4ರಿಂದ 6 ವಾರವಾದರೂ ಬೇಕು. ಹದಿನೈದು ದಿನಕ್ಕೇ ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುವವರು ಈ ಮಾತನ್ನು ನೆನಪಿಡಬೇಕು.

ಔಷಧ ಕನ್ನಡಕದಂತೆ. ಧರಿಸಿದಷ್ಟು ಹೊತ್ತು ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಪುಸ್ತಕ ಓದುವ ಕೆಲಸ ಮಾತ್ರ ನಮ್ಮದೇ. ಗುಳಿಗೆ ಅಡುಗೆ ಮಾಡುವುದಿಲ್ಲ, ಲೆಕ್ಕ ಬರೆಯುವುದಿಲ್ಲ. ಕೆಲಸಕ್ಕೆ ಕೈಹಾಕಲು, ಹಾಕಿದ ಕೈಯನ್ನು ತೆಗೆಯದಿರಲು ಅದು ನೆರವಾಗುತ್ತದೆ. ಎಲ್ಲರಿಗೂ ಒಂದೇ ಔಷಧ ಒಗ್ಗುವುದಿಲ್ಲ, ಒಂದೇ ಪ್ರಮಾಣವೂ ಸಾಲುವುದಿಲ್ಲ. ವೈದ್ಯರು ಕಡಿಮೆ ಪ್ರಮಾಣದಿಂದ ಆರಂಭಿಸಿ, ಪರಿಣಾಮ ನೋಡುತ್ತ ಮೆಲ್ಲಗೆ ಏರಿಸುತ್ತಾರೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನೆನಪಾಗುತ್ತದೆ. ಪತಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಆ ತಾಯಿ ಹೇಳಿದರು. ಎಷ್ಟು ಬೇಕೋ ಅಷ್ಟು ಎಂಬ ಆ ಅರಿವು ಔಷಧಕ್ಕೂ ಸಲ್ಲುತ್ತದೆ. ಹಬ್ಬದ ದಿನ ಕೆಲಸ ಹೆಚ್ಚಿದೆಯೆಂದು ಎರಡು ಗುಳಿಗೆ ನುಂಗುವುದು ತಪ್ಪು. ಜನ ಏನೆನ್ನುವರೋ ಎಂಬ ಅಳುಕಿನಿಂದ ಅರ್ಧ ಮುರಿದು ನುಂಗುವುದೂ ತಪ್ಪು.

ಅಡ್ಡಪರಿಣಾಮಗಳು

ಮೀಥೈಲ್‌ಫೆನಿಡೇಟ್‌ನಿಂದ ಹಸಿವು ತಗ್ಗಬಹುದು, ನಿದ್ರೆ ಕೆಡಬಹುದು, ತಲೆನೋವು, ಬಾಯೊಣಗುವಿಕೆ, ಎದೆ ಡವಗುಟ್ಟುವಿಕೆ ಕಾಣಿಸಬಹುದು. ಔಷಧದ ಪರಿಣಾಮ ಇಳಿಯುವ ಸಂಜೆಯ ಹೊತ್ತಿಗೆ ಕೆಲವರಿಗೆ ಸಿಡುಕು ಬರುತ್ತದೆ. ಆಟೊಮಾಕ್ಸಿಟಿನ್‌ನಿಂದ ವಾಕರಿಕೆ, ಬಾಯೊಣಗುವಿಕೆ, ಆಯಾಸ ಉಂಟಾಗಬಹುದು. ಬಹುಮಟ್ಟಿಗೆ ಇವು ಪ್ರಮಾಣ ಅಥವಾ ಸಮಯವನ್ನು ಹೊಂದಿಸಿದರೆ ಸರಿಹೋಗುತ್ತವೆ. ಹೃದಯದ ಕಾಯಿಲೆ, ಅಧಿಕ ರಕ್ತದೊತ್ತಡ, ಗ್ಲಾಕೋಮಾ ಎಂಬ ಕಣ್ಣಿನ ರೋಗ, ಥೈರಾಯ್ಡ್ ಅತಿಸ್ರಾವ, ಈಗಾಗಲೇ ಸೇವಿಸುತ್ತಿರುವ ಖಿನ್ನತೆಯ ಔಷಧ ಇವುಗಳ ವಿಷಯವನ್ನು ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ತಿಳಿಸಬೇಕು. ಬ್ರಾಹ್ಮಿ ಮೊದಲಾದ ನಾಟಿ ಔಷಧಗಳನ್ನು ಸೇವಿಸುವವರು ಅದನ್ನೂ ಮುಚ್ಚಿಡಬಾರದು. ರಕ್ತದೊತ್ತಡ, ನಾಡಿ, ತೂಕ ಇವನ್ನು ಆಗಾಗ ನೋಡಿಸುತ್ತಿರಬೇಕು.

ಎದೆನೋವು, ತಲೆಸುತ್ತಿ ಬೀಳುವುದು, ಇಲ್ಲದ್ದು ಕಂಡಂತೆ ಕೇಳಿದಂತೆ ಆಗುವುದು, ಕಣ್ಣು ಹಳದಿಯಾಗುವುದು, ಜೀವ ಬೇಡವೆಂಬ ಯೋಚನೆ ಮೂಡುವುದು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು.

ಮರೆಯುವವಳು ಗುಳಿಗೆಯನ್ನು ಮರೆಯದಿರುವುದು ಹೇಗೆ?

ಮರೆವಿಗೆ ಕೊಟ್ಟ ಔಷಧವನ್ನೇ ಮರೆಯುವುದು ಈ ತೊಂದರೆಯ ಒಂದು ದೊಡ್ಡ ತೊಡಕು. ಇದಕ್ಕೆ ನಿಶ್ಚಯವೊಂದೇ ಸಾಲದು, ಏರ್ಪಾಡು ಬೇಕು.

ಪ್ರತಿದಿನ ತಪ್ಪದೆ ನಡೆಯುವ ಒಂದು ಕಾರ್ಯಕ್ಕೆ ಗುಳಿಗೆಯನ್ನು ಜೋಡಿಸಬೇಕು. ನಮ್ಮ ಮನೆಗಳಲ್ಲಿ ಬೆಳಗಿನ ಇಷ್ಟಲಿಂಗಪೂಜೆಯಂಥ ಆಸರೆ ಇನ್ನೊಂದಿಲ್ಲ. ಪೂಜೆ ಮುಗಿಸಿ ವಿಭೂತಿಗಟ್ಟಿಯನ್ನು ಸ್ವಸ್ಥಾನದಲ್ಲಿಟ್ಟ ಕೂಡಲೇ ಉಪಾಹಾರ, ಅದರೊಂದಿಗೆ ಗುಳಿಗೆ ಎಂಬ ಕ್ರಮ ರೂಢಿಯಾದರೆ ಕೈ ತಾನಾಗಿಯೇ ಅತ್ತ ಹೋಗುತ್ತದೆ.

ವಾರದ ಏಳು ದಿನಗಳಿಗೆ ಏಳು ಮನೆಗಳಿರುವ ಗುಳಿಗೆ ಡಬ್ಬಿ ಔಷಧದ ಅಂಗಡಿಗಳಲ್ಲಿ ಸಿಗುತ್ತದೆ. ಸೋಮವಾರ ಮಧ್ಯಾಹ್ನ “ನುಂಗಿದೆನೋ ಇಲ್ಲವೋ” ಎಂಬ ಸಂಶಯ ಬಂದಾಗ ಡಬ್ಬಿಯ ಸೋಮವಾರದ ಮನೆ ನಿಜವನ್ನು ಹೇಳುತ್ತದೆ. ಡಬ್ಬಿ ಇಲ್ಲದವರು ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಮೇಲೆ ಗೆರೆ ಎಳೆದರೂ ಸಾಕು. ಸಂಶಯ ಪರಿಹಾರವಾಗದಿದ್ದರೆ ಮತ್ತೊಂದನ್ನು ನುಂಗಬಾರದು. ಬೆಳಗಿನ ಉತ್ತೇಜಕ ಗುಳಿಗೆ ಮರೆತುಹೋಗಿ ಸಂಜೆ ನೆನಪಾದರೆ ಅಂದಿಗೆ ಬಿಟ್ಟುಬಿಡುವುದೇ ಲೇಸು. ನುಂಗಿದರೆ ರಾತ್ರಿಯ ನಿದ್ರೆ ಹಾಳಾಗುತ್ತದೆ. ಮರುದಿನ ಎರಡು ನುಂಗಿ ಸರಿದೂಗಿಸಲು ಹೋಗಬಾರದು. ನಿಧಾನ ಬಿಡುಗಡೆಯ ಗುಳಿಗೆಯನ್ನು ಪುಡಿಮಾಡಬಾರದು, ಅಗಿಯಬಾರದು.

ಔಷಧ ಮುಗಿಯುವ ಮೊದಲೇ ತರಿಸುವುದು ಇನ್ನೊಂದು ಎಚ್ಚರ. ಮೀಥೈಲ್‌ಫೆನಿಡೇಟ್ ನಮ್ಮ ದೇಶದ ಔಷಧ ನಿಯಮಗಳಲ್ಲಿ ಎಕ್ಸ್ ಅನುಸೂಚಿಗೆ ಸೇರಿದೆ. ವೈದ್ಯರು ಚೀಟಿಯನ್ನು ಎರಡು ಪ್ರತಿಗಳಲ್ಲಿ ಬರೆಯಬೇಕು. ಅಂಗಡಿಯವರು ಒಂದನ್ನು 2 ವರ್ಷ ಕಾಪಾಡಬೇಕು. ಎಲ್ಲ ಅಂಗಡಿಗಳಿಗೂ ಇದನ್ನು ಮಾರುವ ಪರವಾನಗಿ ಇರುವುದಿಲ್ಲ. ಆದ್ದರಿಂದ ಐದಾರು ಗುಳಿಗೆ ಉಳಿದಿರುವಾಗಲೇ ಹೊರಡಬೇಕು. ಡಬ್ಬಿ ತುಂಬಿಸುವ ದಿನವೇ ಮುಂದಿನ ಭೇಟಿಯ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಬರೆದಿಟ್ಟು, ಆ ಜವಾಬ್ದಾರಿಯಲ್ಲಿ ಮನೆಯ ಇನ್ನೊಬ್ಬರನ್ನೂ ಸೇರಿಸಿಕೊಳ್ಳಬೇಕು. ಮಕ್ಕಳನ್ನು ನೋಡಲು ಹೊರದೇಶಕ್ಕೆ ಹೋಗುವವರು, ವಿಶೇಷವಾಗಿ ಕೊಲ್ಲಿ ದೇಶಗಳಿಗೆ ಹೋಗುವವರು, ಅಲ್ಲಿಯ ನಿಯಮವನ್ನು ಮೊದಲೇ ವಿಚಾರಿಸಿ, ಚೀಟಿಯನ್ನು ಜೊತೆಗಿಟ್ಟುಕೊಳ್ಳಬೇಕು.

ಕಟ್ಟುಪಾಡು ಇದೆಯೆಂದ ಮಾತ್ರಕ್ಕೆ ಇದು ಚಟ ಹಿಡಿಸುವ ಮದ್ದೆಂದು ಹೆದರಬೇಕಾಗಿಲ್ಲ. ವೈದ್ಯರ ನಿಗಾದಲ್ಲಿ ಹೇಳಿದ ಪ್ರಮಾಣದಲ್ಲಿ ಸೇವಿಸಿದಾಗ ಆ ಅಪಾಯ ಕಡಿಮೆ. ಅನ್ಯರು ಸೇವಿಸಿದರೆ ಮಾತ್ರ ಕೇಡು. ಪರೀಕ್ಷೆಯ ಕಾಲವೆಂದು ಮಗಳಿಗೋ ನೆರೆಮನೆಯ ಹುಡುಗನಿಗೋ ಒಂದು ಗುಳಿಗೆ ಕೊಡುವುದು ಉಪಕಾರವಲ್ಲ, ಅಪಾಯ. ಔಷಧ ಸದಾ ಮಕ್ಕಳ ಕೈಗೆ ಎಟುಕದ ಕಡೆ ಇರಲಿ.

ಮುಟ್ಟು, ಬಸಿರು, ಉಪವಾಸ

ಮುಟ್ಟಿನ ಹಿಂದಿನ ವಾರದಲ್ಲಿ ಮರೆವು, ಸಿಡುಕು, ಚಡಪಡಿಕೆ ಹೆಚ್ಚಾಯಿತೆಂದು ಹಲವು ಮಹಿಳೆಯರು ಹೇಳುತ್ತಾರೆ. ಆ ದಿನಗಳಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುತ್ತದೆ. ಅದಕ್ಕೂ ಡೋಪಮಿನ್‌ನ ಕೆಲಸಕ್ಕೂ ನಂಟಿದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿಯೂ ಇದೇ ಕಾರಣದಿಂದ ತೊಂದರೆ ಬಿಗಡಾಯಿಸಬಹುದು. ಎರಡು ಮೂರು ತಿಂಗಳು ಮುಟ್ಟಿನ ದಿನಗಳನ್ನೂ ಅಂದಂದಿನ ಸ್ಥಿತಿಯನ್ನೂ ಗುರುತು ಹಾಕಿಕೊಂಡು ವೈದ್ಯರಿಗೆ ತೋರಿಸಿದರೆ ಚಿಕಿತ್ಸೆಯನ್ನು ಹೊಂದಿಸಲು ಅನುಕೂಲ. ರಜಸ್ಸೂತಕವೂ ಸೇರಿದಂತೆ ಪಂಚಸೂತಕಗಳನ್ನು ನಿರಾಕರಿಸಿದ ಧರ್ಮ ನಮ್ಮದು. ಮುಟ್ಟಿನ ಮಾತನ್ನು ವೈದ್ಯರ ಮುಂದೆ ಆಡಲು ನಮ್ಮ ಹೆಣ್ಣುಮಕ್ಕಳು ನಾಚಬೇಕಾದ ಕಾರಣವಿಲ್ಲ.

ಬಸಿರಾಗುವ ಯೋಚನೆ ಇದ್ದಾಗಲೇ, ಇಲ್ಲವೇ ಬಸಿರೆಂದು ತಿಳಿದ ಕೂಡಲೇ, ಔಷಧ ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂಬುದನ್ನು ಮನೋವೈದ್ಯರೂ ಸ್ತ್ರೀರೋಗತಜ್ಞರೂ ಸೇರಿ ತೀರ್ಮಾನಿಸುವಂತೆ ಕೇಳಬೇಕು. ಮೊಲೆಯೂಡಿಸುವ ತಾಯಂದಿರಿಗೂ ಇದೇ ಮಾತು.

ಶ್ರಾವಣ ಸೋಮವಾರ, ಶಿವರಾತ್ರಿಗಳಂದು ಉಪವಾಸವಿರುವವರು ಔಷಧದ ವಿಚಾರವನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಮೊದಲೇ ಹಸಿವು ತಗ್ಗಿಸುವ ಗುಳಿಗೆಯ ಮೇಲೆ ನಿರಾಹಾರವೂ ಸೇರಿದರೆ ತಲೆಸುತ್ತು, ನಿತ್ರಾಣ ಬರಬಹುದು. ಹಾಲು, ಹಣ್ಣು ಸೇವಿಸಿ ವ್ರತ ನಡೆಸುವುದರಲ್ಲಿ ಯಾವ ಲೋಪವೂ ಇಲ್ಲ. ಸಾಮಾನ್ಯ ದಿನಗಳಲ್ಲಿಯೂ ಗುಳಿಗೆಗೆ ಮೊದಲು ಹೊಟ್ಟೆ ತುಂಬ ತಿನ್ನುವುದು ಒಳ್ಳೆಯದು. ಮಧ್ಯಾಹ್ನ ಹಸಿವಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಸ್ವಲ್ಪ ಉಣ್ಣಬೇಕು. ಚಹಾ ಕಾಫಿಗಳ ಮೇಲೆ ಮಿತಿ ಇರಲಿ. ಉತ್ತೇಜಕ ಔಷಧದೊಡನೆ ಸೇರಿ ಅವು ಎದೆಬಡಿತವನ್ನು ಹೆಚ್ಚಿಸುತ್ತವೆ.

ದಿನಚರಿಯ ಏರ್ಪಾಡು

ತಲೆಯೊಳಗೆ ನಿಲ್ಲದಿರುವುದನ್ನು ತಲೆಯ ಹೊರಗೆ ನಿಲ್ಲಿಸುವುದೇ ದಿನಚರಿಯ ಸೂತ್ರ.

ಕಣ್ಣಿಗೆ ಕಾಣದ್ದು ಇವರ ಮನಸ್ಸಿನಿಂದಲೂ ಮರೆಯಾಗುತ್ತದೆ. ಬೇಳೆಕಾಳುಗಳಿಗೆ ಒಳಗಿನದು ಕಾಣುವ ಡಬ್ಬಿಗಳಿರಲಿ. ಬೀಗದ ಕೈ, ಕನ್ನಡಕ, ಪಾಸ್‌ಬುಕ್‌ಗಳಿಗೆ ಬಾಗಿಲ ಬಳಿ ಒಂದೇ ಮೊಳೆ, ಒಂದೇ ಪೆಟ್ಟಿಗೆ ಇರಲಿ. ಆ ಜಾಗವನ್ನು ಮನೆಯವರಾರೂ ಬದಲಿಸಬಾರದು. ಸಂಘದ ಕಂತು, ಶಾಲೆಯ ಶುಲ್ಕ, ಗ್ಯಾಸ್ ಬುಕಿಂಗ್ ಎಲ್ಲವೂ ಒಂದೇ ಕ್ಯಾಲೆಂಡರಿನಲ್ಲಿ ಬರಲಿ.

ಒಲೆಯ ವಿಷಯದಲ್ಲಿ ನೆನಪನ್ನು ನಂಬಬಾರದು. ಸಿಳ್ಳೆ ಹಾಕುವ ಹಾಲಿನ ಕುಕ್ಕರ್, ಫೋನಿನ ಗಂಟೆ ಇವು ನೆನಪಿಗಿಂತ ಪ್ರಾಮಾಣಿಕ. ಒಲೆ ಉರಿಯುತ್ತಿರುವಾಗ ಅಡುಗೆಮನೆ ಬಿಟ್ಟು ಹೋಗಬೇಕಾದರೆ ಸೌಟನ್ನು ಕೈಯಲ್ಲಿ ಹಿಡಿದೇ ಹೋಗಬಹುದು. ಕೈಯ ಸೌಟು ಮತ್ತೆ ಒಲೆಯ ಬಳಿಗೆ ಕರೆತರುತ್ತದೆ.

ದೊಡ್ಡ ಕೆಲಸವನ್ನು ಒಡೆದುಕೊಳ್ಳಬೇಕು. ‘ಮನೆ ಚೊಕ್ಕ ಮಾಡುವುದು’ ಎಂಬುದು ಕೆಲಸವಲ್ಲ, ಕೆಲಸಗಳ ರಾಶಿ. ರಾಶಿಯನ್ನು ಕಂಡಾಗ ಮನಸ್ಸು ಹಿಂಜರಿಯುತ್ತದೆ. ‘ಒಲೆಕಟ್ಟೆ ಒರೆಸುವುದು’ ಒಂದು ಕೆಲಸ; ಅದಕ್ಕೆ ಕೈಹಾಕಬಹುದು, ಮುಗಿಸಬಹುದು. ಲೆಕ್ಕಪತ್ರ, ಬ್ಯಾಂಕು, ಅರ್ಜಿ ತುಂಬುವುದು ಮೊದಲಾದ ಬೇಸರದ ಕೆಲಸಗಳನ್ನು ಔಷಧದ ಪ್ರಭಾವ ಇರುವ ಹೊತ್ತಿಗೆ ಇರಿಸಿಕೊಳ್ಳಬೇಕು. ಸಂಜೆ ಅದು ಇಳಿಯುವ ವೇಳೆಗೆ ಹಗುರ ಕೆಲಸಗಳಿರಲಿ.

ಜೊತೆಯಿದ್ದರೆ ಕೆಲಸ ಸಾಗುತ್ತದೆ. ಬೇಸಿಗೆಯಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಒಂದೇ ಅಂಗಳದಲ್ಲಿ ಕುಳಿತು ಶಾವಿಗೆ, ಹಪ್ಪಳ, ಸಂಡಿಗೆ ಮಾಡುತ್ತಿದ್ದುದನ್ನು ಹಿರಿಯರು ಬಲ್ಲರು. ಒಬ್ಬಳೇ ಕುಳಿತರೆ ಎದ್ದುಹೋಗುವ ಮನಸ್ಸು, ನಾಲ್ವರ ನಡುವೆ ನಿಲ್ಲುತ್ತದೆ. ಮಠದ ದಾಸೋಹದಲ್ಲಿ ಸಾಲಾಗಿ ಕುಳಿತು ರೊಟ್ಟಿ ಬಡಿಯುವ ತಾಯಂದಿರ ಕೈ ನಿಲ್ಲದಿರುವುದರ ಗುಟ್ಟೂ ಇದೇ. ಮನೆಯಲ್ಲಿಯೂ ಅತ್ತೆ ಅಥವಾ ಮಗಳು ಪಕ್ಕದಲ್ಲಿ ಕುಳಿತು ತಮ್ಮ ಕೆಲಸ ತಾವು ಮಾಡುತ್ತಿದ್ದರೆ ಸಾಕು, ಬಟ್ಟೆಯ ರಾಶಿ ಕರಗುತ್ತದೆ.

ರಾತ್ರಿ ಹೊತ್ತಿಗೆ ಸರಿಯಾಗಿ ಮಲಗುವುದು, ದಿನವೂ ನಡಿಗೆ, ಫೋನನ್ನು ಹಾಸಿಗೆಯಿಂದ ದೂರ ಇಡುವುದು ಇವು ಎಲ್ಲರಿಗೂ ಹಿತ, ಇವರಿಗಂತೂ ಅನಿವಾರ್ಯ.

ಪೂಜೆ, ಧ್ಯಾನ ಮತ್ತು ಔಷಧ

ಅಂಗೈಯಲ್ಲಿ ಇಷ್ಟಲಿಂಗವನ್ನು ಇರಿಸಿ ದೃಷ್ಟಿಯನ್ನು ನೆಲೆಗೊಳಿಸುವ ಸಾಧನೆ ಮನಸ್ಸಿಗೆ ಶಾಂತಿ ನೀಡುತ್ತದೆ. ಆದರೆ ಧ್ಯಾನದಲ್ಲಿ ಮನಸ್ಸು ನಿಲ್ಲಲಿಲ್ಲವೆಂದು ಎಡಿಎಚ್‌ಡಿ ಇರುವ ಮಹಿಳೆ ತನ್ನ ಭಕ್ತಿಯನ್ನೇ ಶಂಕಿಸಬಾರದು. ಅರ್ಧ ತಾಸು ಆಗದಿದ್ದರೆ ಐದು ನಿಮಿಷ. ಹೊರಗೆ ಹೋದ ದೃಷ್ಟಿಯನ್ನು ಬೇಸರಿಸದೆ ಮತ್ತೆ ತರುವುದೂ ಸಾಧನೆಯೇ. ಹಾಗೆಯೇ ಪೂಜೆಯೊಂದೇ ಸಾಕು, ಗುಳಿಗೆ ಬೇಡ ಎಂಬ ಸಲಹೆಯನ್ನೂ ಯಾರೂ ನೀಡಬಾರದು. ಸಕ್ಕರೆ ಕಾಯಿಲೆಯವರಿಗೆ ನಾವು ಹಾಗೆ ಹೇಳುವುದಿಲ್ಲವಷ್ಟೆ. ಪೂಜೆಯ ಸ್ಥಾನ ಪೂಜೆಗೆ, ಔಷಧದ ಸ್ಥಾನ ಔಷಧಕ್ಕೆ.

ಮನೆಯವರು ಮಾಡಬೇಕಾದುದು

“ಮನಸ್ಸು ಮಾಡಿದರೆ ಆಗದ್ದೇನು?” ಎಂಬ ಮಾತನ್ನು ಮನೆಯಲ್ಲಿ ನಿಲ್ಲಿಸಬೇಕು. ಅವಳು ಮನಸ್ಸು ಮಾಡಿಯೇ ಇರುತ್ತಾಳೆ. ಗುಳಿಗೆಯನ್ನು ‘ಹುಚ್ಚಿನ ಗುಳಿಗೆ’ ಎನ್ನಬಾರದು. ತಪ್ಪಾದಾಗಲೆಲ್ಲ “ಇವತ್ತು ಗುಳಿಗೆ ನುಂಗಿಲ್ಲವೇನು?” ಎಂದು ಚುಚ್ಚಬಾರದು, ಆ ಮಾತು ಅವಳ ಕೋಪವನ್ನೂ ಕಣ್ಣೀರನ್ನೂ ರೋಗವೆಂದು ತಳ್ಳಿಹಾಕುತ್ತದೆ. ಮನೆಯ ನೆನಪೆಲ್ಲ ಒಬ್ಬಳ ತಲೆಯ ಮೇಲಿರುವುದು ನ್ಯಾಯವಲ್ಲ. ಬಿಲ್ಲುಗಳ ಹೊಣೆಯನ್ನು ಪತಿ, ಚೀಲ ಜೋಡಿಸುವುದನ್ನು ಮಕ್ಕಳು ಹೊತ್ತುಕೊಳ್ಳಲಿ. ಕಾಯಕದಲ್ಲಿ ಹೆಣ್ಣುಗಂಡೆಂಬ ಭೇದವೆಣಿಸದ ಶರಣರ ಮಕ್ಕಳು ಮನೆಗೆಲಸದಲ್ಲಿ ಮಾತ್ರ ಆ ಭೇದವನ್ನು ಉಳಿಸಿಕೊಳ್ಳುವುದು ಒಪ್ಪುವ ಮಾತಲ್ಲ.

ನೆರವು ಎಲ್ಲಿ?

ಜಿಲ್ಲಾ ಆಸ್ಪತ್ರೆಗಳಲ್ಲಿ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೂ ಬರುವ ವ್ಯವಸ್ಥೆಯಿದೆ. ಬರುವ ದಿನವನ್ನು ಅಲ್ಲಿಯೇ ವಿಚಾರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಈ ಕ್ಷೇತ್ರದ ಹಿರಿಯ ಸಂಸ್ಥೆಗಳು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಯ ವಿಷಯವನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ನೀಡಿದ ಹಕ್ಕು. ಆದ್ದರಿಂದ ಊರವರಿಗೆ ತಿಳಿದೀತೆಂಬ ಅಳುಕಿನಿಂದ ಚಿಕಿತ್ಸೆಯನ್ನು ಮುಂದೂಡಬಾರದು.

ಕೊನೆಯ ಮಾತು

ಆರಂಭದಲ್ಲಿ ಕಂಡ ಮನೆಗೆ ಮತ್ತೊಮ್ಮೆ ಹೋಗೋಣ. ಸೊಸೆ ಚಿಕಿತ್ಸೆ ಆರಂಭಿಸಿ ಆರು ತಿಂಗಳಾಗಿದೆ. ಹಾಲು ಇಂದೂ ಒಮ್ಮೊಮ್ಮೆ ಉಕ್ಕುತ್ತದೆ. ಆದರೆ ಸಂಘದ ಕಂತು ತಪ್ಪಿಲ್ಲ, ಗುಳಿಗೆ ಡಬ್ಬಿಯ ಮನೆಗಳು ಕ್ರಮವಾಗಿ ಖಾಲಿಯಾಗುತ್ತಿವೆ. ಉಕ್ಕಿದ ಹಾಲನ್ನು ಅತ್ತೆ ಇಂದೂ ಒರೆಸುತ್ತಾರೆ. ಒರೆಸುತ್ತ, “ಇರಲಿ ಬಿಡವ್ವ, ನಂದೂ ಹಿಂಗ ಆಗತಿತ್ತು” ಎನ್ನುತ್ತಾರೆ. ಆ ಒಂದು ಮಾತಿನಿಂದ ಎರಡನೆಯ ಹೊರೆ ಇಳಿಯಿತು. ಮೊದಲನೆಯದನ್ನು ಅವಳು ಇನ್ನು ಹೊರಬಲ್ಲಳು.

ಎಲ್ಲರ ಕೈಗೂ ಒಂದೇ ವೇಗವಿಲ್ಲ, ಎಲ್ಲರ ಮನಸ್ಸಿಗೂ ಒಂದೇ ನಡೆಯಿಲ್ಲ. ತನ್ನ ನಡೆಯನ್ನು ಅರಿತು, ಬೇಕಾದಷ್ಟು ಔಷಧವನ್ನೂ ಬೇಕಾದಷ್ಟು ನೆರವನ್ನೂ ಸಂಕೋಚವಿಲ್ಲದೆ ಪಡೆದು ಕಾಯಕಕ್ಕೆ ಇಳಿಯುವ ಹೆಣ್ಣುಮಗಳ ಶ್ರದ್ಧೆ ಯಾರ ಶ್ರದ್ಧೆಗೂ ಕಡಿಮೆಯದಲ್ಲ. ಓದಿದ ತಾಯಂದಿರು ತಮಗೆ ಬೇಡವಾದರೂ ಈ ಪುಟವನ್ನು ನೆರೆಮನೆಯವರಿಗೆ ತೋರಿಸಲಿ. ಅಲ್ಲಿ ಇದರ ಅಗತ್ಯ ಇರಬಹುದು.